ಜೀರುಂಡೆಯ ಜೀರ್ಣೋದ್ಧಾರ

ಹಳೆಯದಾದ ವಾಹನವನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳುವುದು ಲೋಕರೂಢಿ. ಇದಕ್ಕೆ ತೀರ ವಿರುದ್ಧವಾಗಿ, ತಮ್ಮ ಮನೆಯ ಕಾರಿಗೆ ಮೂವತ್ತು ವರ್ಷ ಯಾವಾಗ ತುಂಬೀತೆಂದು ಕಾದು ಕುಳಿತಿರುವ ಕುಟುಂಬಗಳು ಜರ್ಮನಿಯಲ್ಲಿ ಅದೆಷ್ಟೋ ಇವೆ. ಇಂಥ ಹವ್ಯಾಸಿಗೆ ಆ ನಾಡಿನ ಭಾಷೆಯಲ್ಲಿ ‘ಶ್ರೌಬರ್’ ಎಂದು ಹೆಸರು; ತಿರುಪುಮೊಳೆ ತಿರುಗಿಸುವವನು ಎಂದು ಅದರ ಅರ್ಥ. ವಾರವೆಲ್ಲ ಕಚೇರಿಯಲ್ಲಿಯೋ ಶಾಲೆಯಲ್ಲಿಯೋ ದುಡಿದವರು ಶನಿವಾರ ಬಂದೊಡನೆ ಮಾಸಿದ ಉಡುಪು ತೊಟ್ಟು ಕಾರಿನ ಅಡಿಯಲ್ಲಿ ಅಂಗಾತ ಮಲಗುತ್ತಾರೆ. ಶನಿವಾರವೇ ಏಕೆಂದರೆ, ಭಾನುವಾರ ಸುತ್ತಿಗೆಯ ಸದ್ದು ಮಾಡಿದರೆ ಅಲ್ಲಿ ನೆರೆಹೊರೆಯವರಷ್ಟೇ ಅಲ್ಲ, ಕಾಯಿದೆಯೂ ಸುಮ್ಮನಿರುವುದಿಲ್ಲ. ಸ್ವಂತ ಷೆಡ್ ಇಲ್ಲದವರಿಗಾಗಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಕಾರ್ಯಾಗಾರಗಳೂ ಇವೆ.

ಬೆನ್ಜ್, ಬಿಎಂಡಬ್ಲ್ಯು, ಓಪೆಲ್ ಮೊದಲಾದ ಹಳೆಯ ಜರ್ಮನ್ ಕಾರುಗಳಿಗೆಲ್ಲ ಅವುಗಳದೇ ಆದ ಭಕ್ತವೃಂದವಿದೆ. ಆದರೆ ಒಬ್ಬ ಸಾಮಾನ್ಯ ಗೃಹಸ್ಥನು ತನ್ನ ಕೈಯಿಂದಲೇ ಬಿಚ್ಚಿ ಜೋಡಿಸಬಹುದಾದ ಕಾರು ಯಾವುದು ಎಂದು ಕೇಳಿದರೆ ಬರುವ ಉತ್ತರ ಒಂದೇ: ಫೋಕ್ಸ್‌ವ್ಯಾಗನ್ ಬೀಟಲ್. ಜರ್ಮನರು ಅದನ್ನು ‘ಕೇಫರ್’ ಎನ್ನುತ್ತಾರೆ. ಎರಡರ ಅರ್ಥವೂ ನಮ್ಮ ಜೀರುಂಡೆಯೇ. ಈ ಲೇಖನದಲ್ಲಿ ನಾವು ಅದರ ಮಾತನ್ನಷ್ಟೇ ಆಡುತ್ತೇವೆ.

ಈ ಕಾರಿನ ಜನ್ಮವೃತ್ತಾಂತ ಮುದ್ದಾದ ಅದರ ಮುಖದಷ್ಟು ನಿರ್ಮಲವಾದುದಲ್ಲ. ಫರ್ಡಿನಂಡ್ ಪೋರ್ಷೆಯ ತಂಡ ರೂಪಿಸಿದ ಇದನ್ನು ತಯಾರಿಸಲೆಂದು 1938ರಲ್ಲಿ ಹಿಟ್ಲರನ ಆಡಳಿತವು ಕಾರ್ಖಾನೆಗೆ ಅಡಿಗಲ್ಲು ಹಾಕಿತು. ಬೆಲೆ 990 ಮಾರ್ಕ್. ವಾರಕ್ಕೆ ಐದು ಮಾರ್ಕಿನ ಚೀಟಿ ಕೊಂಡು ಪುಸ್ತಕದಲ್ಲಿ ಅಂಟಿಸುತ್ತ ಹೋದರೆ ಕಾರು ಮನೆಗೆ ಬರುವುದೆಂಬ ಆಶ್ವಾಸನೆ. ಸುಮಾರು 3,36,000 ಮಂದಿ ಹೀಗೆ ಹಣ ಕಟ್ಟಿದರು. ಅವರಲ್ಲಿ ಒಬ್ಬರಿಗೂ ಆ ಯೋಜನೆಯಿಂದ ಕಾರು ದೊರೆಯಲಿಲ್ಲ. ಯುದ್ಧ ಬಂದಿತು, ಕಾರ್ಖಾನೆ ಸೈನ್ಯದ ವಾಹನಗಳನ್ನು ಹೆರತೊಡಗಿತು. ಬೇರೆ ಬೇರೆ ದೇಶಗಳಿಂದ ಹಿಡಿದು ತಂದ ಸುಮಾರು 20,000 ಜನರನ್ನು ಅಲ್ಲಿ ಬಲಾತ್ಕಾರವಾಗಿ ದುಡಿಸಲಾಯಿತು. ಚೀಟಿ ಕಟ್ಟಿದವರು ಯುದ್ಧಾನಂತರ ಹೂಡಿದ ದಾವೆ 1961ರವರೆಗೂ ಎಳೆದಾಡಿ ರಾಜಿಯಲ್ಲಿ ಮುಗಿಯಿತು. ಈ ಸಂಗತಿಗಳನ್ನು ಬಿಟ್ಟು ಬೀಟಲ್ಲನ್ನು ಕೇವಲ ಮುದ್ದಿನ ಬೊಂಬೆಯೆಂಬಂತೆ ಹೊಗಳುವುದು ನಮಗೆ ಸರಿಯೆನಿಸದು.

ಬಾಂಬಿನ ಪೆಟ್ಟಿಗೆ ಸಿಕ್ಕಿ ಹಾಳುಬಿದ್ದಿದ್ದ ಆ ಕಾರ್ಖಾನೆಯನ್ನು 1945ರಲ್ಲಿ ವಹಿಸಿಕೊಂಡವನು ಬ್ರಿಟಿಷ್ ಸೈನ್ಯದ ಮೇಜರ್ ಐವನ್ ಹರ್ಸ್ಟ್. ಅಲ್ಲಿ ದೊರೆತ ಒಂದು ಕಾರಿಗೆ ಸೈನ್ಯದ ಬಣ್ಣ ಬಳಿಸಿ ಮೇಲಧಿಕಾರಿಗಳಿಗೆ ತೋರಿಸಿ, 20,000 ಕಾರುಗಳ ಆದೇಶವನ್ನು ಅವನು ಪಡೆದುಕೊಂಡನು. 1948ರಲ್ಲಿ ಹೈನ್ರಿಖ್ ನೋರ್ಡ್‌ಹಾಫ್ ಅಧಿಕಾರ ವಹಿಸಿದ ಮೇಲೆ ನಡೆದದ್ದು ಜಗತ್ತಿಗೇ ತಿಳಿದ ಕಥೆ. 1972ರ ಫೆಬ್ರವರಿ 17ರಂದು 1,50,07,034ನೆಯ ಬೀಟಲ್ ಹೊರಬಂದು ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಸ್ಥಾಪಿಸಿದ್ದ ದಾಖಲೆಯನ್ನು ಮುರಿಯಿತು.

ಇನ್ನು ಕೈಗೆ ಎಣ್ಣೆ ಮೆತ್ತಿಸಿಕೊಳ್ಳುವ ವಿಚಾರಕ್ಕೆ ಬರೋಣ. ಬೀಟಲ್ಲಿನ ಎಂಜಿನ್ ಹಿಂಬದಿಯಲ್ಲಿದೆ. ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿವೆ. ನೀರಿಲ್ಲ, ರೇಡಿಯೇಟರಿಲ್ಲ, ಫ್ಯಾನು ಬೀಸುವ ಗಾಳಿ ಮತ್ತು ಎರಡೂವರೆ ಲೀಟರಿನಷ್ಟು ಎಣ್ಣೆ, ಇವೆರಡೇ ಅದನ್ನು ತಂಪಾಗಿಡುತ್ತವೆ. ಇಡೀ ಎಂಜಿನ್ನು ಗೇರುಪೆಟ್ಟಿಗೆಗೆ ಅಂಟಿಕೊಂಡಿರುವುದು ನಾಲ್ಕೇ ನಾಲ್ಕು ಬೋಲ್ಟುಗಳಿಂದ. ತಂತಿಗಳನ್ನೂ ಪೆಟ್ರೋಲಿನ ಕೊಳವೆಯನ್ನೂ ಬಿಸಿಗಾಳಿಯ ನಾಳಗಳನ್ನೂ ಕಳಚಿ, ಈ ನಾಲ್ಕನ್ನು ಬಿಚ್ಚಿ, ಜ್ಯಾಕಿನ ಮೇಲೆ ಕೆಳಗಿಳಿಸಿದರೆ ನೂರು ಕಿಲೋಗ್ರಾಮಿಗೆ ತುಸು ಹೆಚ್ಚು ತೂಗುವ ಎಂಜಿನ್ನು ನೆಲದ ಮೇಲೆ ಕುಳಿತಿರುತ್ತದೆ. ಕೈ ಪಳಗಿದವರಿಗೆ ಇದು ಅರ್ಧ ಗಂಟೆಯ ಕೆಲಸ. ಇಂದಿನ ಕಾರುಗಳಲ್ಲಿ ಎಂಜಿನ್ ಇಳಿಸುವುದೆಂದರೆ ಮನೆ ಒಕ್ಕಲೆಬ್ಬಿಸಿದಂತೆ!

ಸರಳವೆಂದ ಮಾತ್ರಕ್ಕೆ ಅಸಡ್ಡೆಯನ್ನು ಅದು ಸಹಿಸುವುದಿಲ್ಲ. ಮೂರನೆಯ ಸಿಲಿಂಡರಿನ ಕಥೆಯನ್ನೇ ನೋಡಿ. ಎಣ್ಣೆಯನ್ನು ತಣಿಸುವ ಕೂಲರನ್ನು ವಿನ್ಯಾಸಕಾರರು ಫ್ಯಾನಿನ ಗಾಳಿ ಹರಿಯುವ ದಾರಿಯಲ್ಲಿಯೇ ನಿಲ್ಲಿಸಿದ್ದರು. ಹೀಗಾಗಿ ಅದರ ಹಿಂದಿರುವ ಮೂರನೆಯ ಸಿಲಿಂಡರಿಗೆ ದೊರೆಯುವುದು ಆಗಲೇ ಬಿಸಿಯಾದ ಗಾಳಿ. ಅದರ ಎಕ್ಸಾಸ್ಟ್ ವಾಲ್ವು ಕಾದು ಕಾದು ಹಿಗ್ಗಿ, ಕೊನೆಗೊಂದು ದಿನ ತಲೆ ಮುರಿದು ಪಿಸ್ಟನ್ನಿನ ಮೇಲೆ ಬಿದ್ದಿತೆಂದರೆ ಎಂಜಿನ್ನು ಮುಗಿಯಿತು. ಈ ಒಂದು ಸಿಲಿಂಡರಿಗೆ ಮಾತ್ರ ಕಿಡಿ ತುಸು ತಡವಾಗಿ ಹಾರುವಂತೆ ಕಂಪನಿಯು ಹಲವು ವರ್ಷ ಉಪಾಯ ಮಾಡಿತು. 1970ರ ದಶಕದ ಆರಂಭದಲ್ಲಿ ಕೂಲರನ್ನೇ ಪ್ರತ್ಯೇಕ ಗೂಡಿಗೆ ಸ್ಥಳಾಂತರಿಸಿತು. ಹವ್ಯಾಸಿಗಳು ವಾಲ್ವಿನ ಅಂತರವನ್ನು ಅಷ್ಟೊಂದು ಶ್ರದ್ಧೆಯಿಂದ ನೋಡುವುದು ಇದಕ್ಕಾಗಿಯೇ. ಎಂಜಿನ್ನು ಪೂರ್ತಿ ತಣ್ಣಗಿರುವಾಗ, ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ತೂರಿಸಿ 0.15 ಮಿಲಿಮೀಟರ್ ಅಂತರವಿರುವಂತೆ ತಿರುಪನ್ನು ಹೊಂದಿಸಬೇಕು. ಕಳೆದ ಸಲ ಸರಿಯಾಗಿ ಹೊಂದಿಸಿದ್ದ ವಾಲ್ವು ಈ ಸಲ ಬಿಗಿಯಾಗಿದೆಯೆಂದರೆ ಅದು ಹಿಗ್ಗುತ್ತಿದೆ ಎಂದರ್ಥ. ನಾಡಿ ಹಿಡಿದು ರೋಗ ಹೇಳುವ ನಮ್ಮ ಹಳ್ಳಿಯ ಪಂಡಿತರ ವಿದ್ಯೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಹತ್ತು ವರ್ಷದ ಮಗುವೂ ಅಪ್ಪನ ಪಕ್ಕದಲ್ಲಿ ಕುಳಿತು ಇದನ್ನು ಕಲಿಯಬಹುದು.

ಎಂಜಿನ್ನಿನ ಸುತ್ತಲೂ ತಗಡಿನ ಹೊದಿಕೆಗಳೂ ರಬ್ಬರಿನ ಅಂಚುಗಳೂ ಇವೆ. ನೋಡಿದವರಿಗೆ ಅವು ನಿರುಪಯೋಗಿ ಎನಿಸುತ್ತವೆ. ವಾಸ್ತವದಲ್ಲಿ ಮೇಲಿನ ತಣ್ಣನೆಯ ಗಾಳಿಯನ್ನೂ ಕೆಳಗಿನ ಬಿಸಿ ಗಾಳಿಯನ್ನೂ ಬೇರ್ಪಡಿಸುವ ಗೋಡೆಗಳು ಅವೇ. ಅಂದ ಹೆಚ್ಚಲೆಂದು ಅವನ್ನು ಕಿತ್ತೆಸೆದವರ ಎಂಜಿನ್ನುಗಳು ಬೇಸಗೆಯಲ್ಲಿ ಬೆಂದುಹೋಗುತ್ತವೆ. ಫ್ಯಾನ್ ಬೆಲ್ಟು ತುಂಡಾದರೂ ಅದೇ ಗತಿ. ಡೈನಮೋವನ್ನೂ ಫ್ಯಾನನ್ನೂ ಆ ಒಂದೇ ಬೆಲ್ಟು ತಿರುಗಿಸುವುದರಿಂದ, ಕೆಂಪು ದೀಪ ಹೊತ್ತಿದರೆ ‘ಬ್ಯಾಟರಿ ತಾನೆ, ಮನೆ ಸೇರಿದ ಮೇಲೆ ನೋಡಿದರಾಯಿತು’ ಎನ್ನುವಂತಿಲ್ಲ, ಒಡನೆಯೇ ನಿಲ್ಲಿಸಬೇಕು.

ಆದರೂ ಬೀಟಲ್ಲಿನ ಪರಮ ಶತ್ರು ಎಂಜಿನ್ನಿನ ಕಾಯಿಲೆಯಲ್ಲ, ತುಕ್ಕು. ಹಿಮ ಕರಗಿಸಲು ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ದೇಶವದು. ಬಾಗಿಲುಗಳ ಕೆಳಗೆ ಹಾದುಹೋಗುವ ಬಿಸಿಗಾಳಿಯ ನಾಳಗಳೇ ಈ ಕಾರಿನ ದೇಹಕ್ಕೆ ತೊಲೆಗಳೂ ಹೌದು. ಅವು ಒಳಗಿನಿಂದ ಕೊರೆದುಹೋದರೆ ಹೊರಗೆ ಬಣ್ಣ ಹೊಳೆಯುತ್ತಿದ್ದರೂ ದೇಹ ನಡುವೆ ಕುಸಿದು ಬಾಗಿಲು ಹಾಕಿಕೊಳ್ಳದು. ಬೆಸುಗೆ ಹಾಕುವ ಮೊದಲು ಬಾಗಿಲಿನ ಚೌಕಟ್ಟಿಗೆ ಕಬ್ಬಿಣದ ಊರೆ ಕೊಡದೆ ಹೋದರೆ ಕಾರು ಸೊಟ್ಟಗಾಗಿಯೇ ಗಟ್ಟಿಯಾಗುತ್ತದೆ. ಹಿಂದಿನ ಆಸನದ ಕೆಳಗೆ ಬ್ಯಾಟರಿ ಇರುತ್ತದೆ; ಅದರ ಆಮ್ಲ ಸೋರಿ ನೆಲದ ತಗಡನ್ನು ತಿನ್ನುವುದು ಒಂದು ಕಷ್ಟವಾದರೆ, ಬ್ಯಾಟರಿಯ ಮುಚ್ಚಳ ಕಳೆದುಹೋಗಿದ್ದಾಗ ಭಾರವಾದವರು ಆಸನದಲ್ಲಿ ಕುಳಿತು ಸ್ಪ್ರಿಂಗು ಅದಕ್ಕೆ ತಾಗಿ ಬೆಂಕಿ ಹೊತ್ತುವುದು ಇನ್ನೊಂದು. ಪೆಟ್ರೋಲಿನ ಕೊಳವೆ ಬಿರಿದಾಗಲೂ ಬೆಂಕಿಯೇ. ಎಂಜಿನ್ನಿನ ಕವಚ ಮೆಗ್ನೀಸಿಯಂ ಮಿಶ್ರಲೋಹದ್ದಾದುದರಿಂದ ಅದಕ್ಕೆ ಬೆಂಕಿ ಹತ್ತಿದರೆ ನೀರು ಸುರಿದಷ್ಟೂ ಉರಿ ಹೆಚ್ಚುತ್ತದೆ. ಎಕ್ಸಾಸ್ಟಿನ ಸುತ್ತ ಹಾಯುವ ಗಾಳಿಯೇ ಒಳಗೆ ಬಿಸಿಯಾಗಿ ಬರುವುದರಿಂದ, ಅಲ್ಲಿ ತೂತಾದರೆ ವಿಷಾನಿಲ ಹೆಂಡತಿ ಮಕ್ಕಳು ಕುಳಿತಲ್ಲಿಗೇ ಬರುತ್ತದೆ. ಹವ್ಯಾಸವೆಂದು ನಗುವವರು ಇದನ್ನೆಲ್ಲ ಗಮನಿಸಬೇಕು. ಈ ಕೆಲಸದಲ್ಲಿ ಅರೆಬರೆ ದುರಸ್ತಿ ಎಂಬುದಕ್ಕೆ ಸ್ಥಳವಿಲ್ಲ.

ಇದ್ದುದನ್ನು ಇದ್ದಂತೆ ಉಳಿಸುವವರು ಒಂದು ಪಂಗಡವಾದರೆ, ಬದಲಾಯಿಸಿ ಆನಂದಪಡುವವರು ಇನ್ನೊಂದು. ಎರಡನೆಯವರ ಪರಂಪರೆಯೂ ಹಳೆಯದೇ. 1950ರ ದಶಕದಲ್ಲಿಯೇ ಜರ್ಮನಿಯ ಓಟಿಂಗರ್ ಎಂಬಾತ ಎರಡು ಕಾರ್ಬ್ಯುರೇಟರುಗಳ ‘ಓಕ್ರಾಸಾ’ ಸಲಕರಣೆಯನ್ನು ಮಾರುತ್ತಿದ್ದನು. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಬ್ರೂಸ್ ಮೇಯರ್ಸ್ 1964ರಲ್ಲಿ ಬೀಟಲ್ಲಿನ ಯಂತ್ರಭಾಗಗಳ ಮೇಲೆ ಫೈಬರ್‌ಗ್ಲಾಸಿನ ದೇಹ ಕೂರಿಸಿ ಮರಳುದಿಬ್ಬಗಳ ಮೇಲೆ ಓಡುವ ‘ಮೇಯರ್ಸ್ ಮ್ಯಾಂಕ್ಸ್’ ಬಂಡಿಯನ್ನು ನಿರ್ಮಿಸಿದನು. 1967ರ ಮೊದಲ ಬಾಹಾ ಮರುಭೂಮಿ ಸ್ಪರ್ಧೆಯನ್ನು ಗೆದ್ದದ್ದು ಅಂಥದೇ ಬಂಡಿ. ಬೀಟಲ್ಲಿನ ಬಿಡಿಭಾಗಗಳಿಂದ ಕಟ್ಟಿದ ‘ಫಾರ್ಮ್ಯುಲಾ ವೀ’ ಕಾರುಗಳಲ್ಲಿ ಪಳಗಿದ ನಿಕಿ ಲೌಡಾ ಮತ್ತು ಕೇಕೆ ರೋಸ್‌ಬರ್ಗ್ ಮುಂದೆ ವಿಶ್ವ ಚಾಂಪಿಯನ್ನರಾದರು. ಹವ್ಯಾಸಿಗಳ ಕೈಹಿಡಿದ ಪುಸ್ತಕಗಳಲ್ಲಿ 1969ರಲ್ಲಿ ಜಾನ್ ಮ್ಯೂರ್ ಎಂಬ ಎಂಜಿನಿಯರ್ ಬರೆದ ಕೈಪಿಡಿಯ ಹೆಸರು ಮೊದಲು ಬರುತ್ತದೆ. ಏನೂ ತಿಳಿಯದವನಿಗಾಗಿ ಬರೆದುದೆಂದು ಅದರ ಶೀರ್ಷಿಕೆಯೇ ಸಾರುತ್ತಿತ್ತು.

ಬದಲಾವಣೆಯ ಬಗ್ಗೆ ನಮ್ಮ ಅಭಿಪ್ರಾಯ ಇಷ್ಟು. 34 ಅಶ್ವಶಕ್ತಿಯ 1200 ಮಾದರಿಯನ್ನು ಗಂಟೆಗೆ ಸುಮಾರು 115 ಕಿಲೋಮೀಟರ್ ವೇಗಕ್ಕೆ ತಕ್ಕಂತೆ ಕಟ್ಟಲಾಗಿತ್ತು. ದೊಡ್ಡ ಸಿಲಿಂಡರುಗಳನ್ನು ತೊಡಿಸಿ ಶಕ್ತಿಯನ್ನು ಇಮ್ಮಡಿಗೊಳಿಸುವುದು ಕಷ್ಟವಲ್ಲ. ಡ್ರಮ್ ಬ್ರೇಕುಗಳು ಮಾತ್ರ ಹಳೆಯವೇ ಉಳಿದರೆ? ಹಳೆಯ ಮಾದರಿಗಳ ಹಿಂದಿನ ಅಚ್ಚಿನ ರಚನೆ ಹೇಗಿದೆಯೆಂದರೆ, ತಿರುವಿನಲ್ಲಿ ವೇಗ ಮಿತಿಮೀರಿದರೆ ಚಕ್ರ ಒಳಕ್ಕೆ ಮಡಚಿಕೊಂಡು ಕಾರು ಮೇಲೇಳುತ್ತದೆ. ಆದುದರಿಂದ ಮೊದಲು ಬ್ರೇಕು, ಅನಂತರ ಚಕ್ರ ಮತ್ತು ಅಚ್ಚು, ಕಟ್ಟಕಡೆಗೆ ಎಂಜಿನ್ನು. ಯುರೋಪಿನಲ್ಲಿ 1966ರಲ್ಲಿ ಬಂದ 1500 ಮಾದರಿಗೆ ಕಂಪನಿಯೇ ಮುಂದಿನ ಡಿಸ್ಕ್ ಬ್ರೇಕು ಕೊಟ್ಟಿದ್ದುದರಿಂದ ಅದನ್ನು ಹಳೆಯದಕ್ಕೆ ಜೋಡಿಸುವುದು ವಿವೇಕದ ಮಾರ್ಪಾಡು. ಆರು ವೋಲ್ಟಿನ ಮಂಕು ದೀಪಗಳನ್ನು ಹನ್ನೆರಡಕ್ಕೆ ಏರಿಸುವುದೂ ಅಂಥದೇ. ಮುಂದಿನವರು ಬೇಕೆಂದಾಗ ಮೂಲಸ್ಥಿತಿಗೆ ತರಬಹುದಾದ ಬದಲಾವಣೆಗೆ ನಮ್ಮ ತಕರಾರಿಲ್ಲ. ತಗಡನ್ನು ಕತ್ತರಿಸಿ ಹಾಳುಗೆಡಹುವುದು ಬೇರೆ ಮಾತು. ಎಂಜಿನ್ನು ತೆಗೆದು ವಿದ್ಯುತ್ ಮೋಟಾರು ಕೂರಿಸುವ ಪ್ರಯೋಗಗಳೂ ನಡೆದಿವೆ. 2019ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯೇ ಅಂಥದೊಂದನ್ನು ಪ್ರದರ್ಶಿಸಿತು. ಹೊಗೆಯಿಲ್ಲ, ಒಳ್ಳೆಯದೇ. ಆದರೆ ಶನಿವಾರ ಬಿಚ್ಚಲು ಅದರಲ್ಲಿ ಉಳಿದಿರುವುದೇನು?

ಈ ಉತ್ಸಾಹಕ್ಕೆ ಜರ್ಮನಿಯಲ್ಲಿ ಕಡಿವಾಣವೂ ಇದೆ, ಪ್ರೋತ್ಸಾಹವೂ ಇದೆ. ಉಗಿಯ ಬಾಯ್ಲರುಗಳು ಸಿಡಿದು ಜನ ಸಾಯುತ್ತಿದ್ದ ಕಾಲದಲ್ಲಿ, 1866ರಲ್ಲಿ, ಮಾನ್‌ಹೈಮಿನಲ್ಲಿ ಆರಂಭವಾದ ಬಾಯ್ಲರ್ ತಪಾಸಣಾ ಸಂಘದ ಪರಂಪರೆಯಿಂದ ಬೆಳೆದ ‘ಟ್ಯೂಫ್’ ಮತ್ತು ಅಂಥ ಇತರ ಸಂಸ್ಥೆಗಳು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಕಾರುಗಳನ್ನು ಪರೀಕ್ಷಿಸುತ್ತವೆ. ಮಹತ್ವದ ಮಾರ್ಪಾಡು ಏನೇ ಇದ್ದರೂ ಅವರು ಒಪ್ಪಿ ಕಾಗದಪತ್ರದಲ್ಲಿ ನಮೂದಾಗಬೇಕು. ಮೂವತ್ತು ವರ್ಷ ತುಂಬಿದ, ಮೂಲರೂಪ ಉಳಿಸಿಕೊಂಡ ಕಾರಿಗೆ 1997ರಿಂದ ‘ಎಚ್’ ಅಕ್ಷರದ ವಿಶೇಷ ಫಲಕ ದೊರೆಯುತ್ತಿದೆ, ವರ್ಷಕ್ಕೆ 191.73 ಯೂರೋಗಳ ಏಕರೂಪ ತೆರಿಗೆ, ಹೊಗೆ ನಿರ್ಬಂಧವಿರುವ ನಗರಭಾಗಗಳಿಗೂ ಪ್ರವೇಶ. ಆ ಕಾರಿನ ಕಾಲದಲ್ಲಿಯೇ ರೂಢಿಯಲ್ಲಿದ್ದ ಮಾರ್ಪಾಡುಗಳಿಗೆ ಅಡ್ಡಿಯಿಲ್ಲ. ಹೀಗಾಗಿ ಓಕ್ರಾಸಾ ತೊಟ್ಟ ಕಾರು ಫಲಕ ಪಡೆಯಬಹುದು, ನಿನ್ನೆ ಮೊನ್ನೆ ಬಂದ ಅಲಂಕಾರ ಹೊತ್ತದ್ದು ಪಡೆಯಲಾರದು.

ನಮ್ಮ ದೇಶದ ಮಾತು ಬೇರೆ. ತಯಾರಕರು ನಿಗದಿಪಡಿಸಿದ ರಚನೆಗೆ ಹೊಂದದ ಬದಲಾವಣೆ ಸಲ್ಲದೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. 2021ರ ಜುಲೈನಲ್ಲಿ ಕೇಂದ್ರ ಸರಕಾರವು ಐವತ್ತು ವರ್ಷ ದಾಟಿದ ವಾಹನಗಳಿಗಾಗಿ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿಯನ್ನು ತಂದಿತು. ಮೊದಲ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ಚಾಸಿ, ದೇಹ, ಎಂಜಿನ್ನುಗಳು ಹೆಚ್ಚು ಬದಲಾಗಿರಬಾರದು. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಪದ್ಧತಿ ಬಂದ ಮೇಲೆ ಹಳೆಯ ರಬ್ಬರ್ ಕೊಳವೆಗಳ ಬಗ್ಗೆ ಇಮ್ಮಡಿ ಎಚ್ಚರ ಬೇಕು. ನಮ್ಮಲ್ಲಿ ಬೀಟಲ್ ಇಟ್ಟುಕೊಂಡಿರುವವರು ಎಥನಾಲ್ ತಾಳುವ ಹೊಸ ಕೊಳವೆಗಳನ್ನು ಹಾಕಿಸಿ, ವರ್ಷಕ್ಕೊಮ್ಮೆ ಬೆರಳಿನಿಂದ ಅದುಮಿ ನೋಡುವುದು ಲೇಸು.

ಜರ್ಮನಿಯಲ್ಲಿ ಬೀಟಲ್ ಸೆಡಾನ್ ಕಾರಿನ ತಯಾರಿಕೆ 1978ರಲ್ಲಿಯೇ ನಿಂತುಹೋಗಿತ್ತು. ಮೆಕ್ಸಿಕೋ ದೇಶದ ಪುಯೆಬ್ಲಾದಲ್ಲಿ 2003ರ ಜುಲೈ 30ರಂದು 2,15,29,464ನೆಯದಾಗಿ ಹೊರಬಂದ ಕಟ್ಟಕಡೆಯ ಕಾರನ್ನು ವೋಲ್ಫ್ಸ್‌ಬುರ್ಗಿನ ವಸ್ತುಸಂಗ್ರಹಾಲಯಕ್ಕೆ ಕಳುಹಿಸಲಾಯಿತು. ಅಧಿಕೃತ ಟ್ಯಾಕ್ಸಿಗಳಾಗಿ ಮೆಕ್ಸಿಕೋ ನಗರದಲ್ಲಿ ಓಡುತ್ತಿದ್ದ ಬೀಟಲ್‌ಗಳ ಪರವಾನಗಿ 2012ರಲ್ಲಿ ಮುಗಿಯಿತು. ಆದರೆ ಆ ನಗರದ ಉತ್ತರ ಅಂಚಿನ ಕ್ವಾಉತೆಪೆಕ್ ಎಂಬ ಗುಡ್ಡಗಾಡು ಬಡಾವಣೆಯ ಕಡಿದಾದ ಓಣಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿಯೂ ಜನರನ್ನು ಮೇಲೆ ಹೊತ್ತು ಸಾಗಿಸುತ್ತಿರುವುದು ಇವೇ ಹಳೆಯ ಜೀರುಂಡೆಗಳು. ಅಲ್ಲಿಯ ಮೆಕ್ಯಾನಿಕರೂ ಅದೇ ನಾಲ್ಕು ಬೋಲ್ಟು ಬಿಚ್ಚುತ್ತಾರೆ. ಅವರಿಗದು ಹವ್ಯಾಸವಲ್ಲ, ಹೊಟ್ಟೆಪಾಡು. ಶನಿವಾರಕ್ಕಾಗಿ ಅವರು ಕಾಯುವಂತಿಲ್ಲ.