ಮಣ್ಣು ಬೇಡದ ಹೂಗಿಡ

“ತಾತ, ಈ ಗಿಡಕ್ಕೆ ಮಣ್ಣು ಹಾಕೋದನ್ನೇ ಮರೆತಿದ್ದೀರಲ್ಲ!”

2019ರ ಬೇಸಿಗೆ ರಜೆಗೆಂದು ಕಡೂರಿಗೆ ಬಂದಿದ್ದ ಮೊಮ್ಮಗಳು ನಮ್ಮ ಹಿತ್ತಲಿನಲ್ಲಿ ನಿಂತು ಹೀಗೆ ಕೂಗಿದಳು. ಆಗ ಅವಳಿಗೆ ಆರು ವರ್ಷ. ಸಪೋಟ ಮರಕ್ಕೆ ತಂತಿಯಲ್ಲಿ ತೂಗುಹಾಕಿದ್ದ ಒಂದು ಮಾವಿನ ಕೊರಡನ್ನು ಅವಳು ದಿಟ್ಟಿಸಿ ನೋಡುತ್ತಿದ್ದಳು. ಅದರ ಮೇಲೆ ಪಟ್ಟಿಯಂಥ ದಪ್ಪ ಎಲೆಗಳ ಒಂದು ಗಿಡ. ಬೇರುಗಳು ಹುರಿಹಗ್ಗದ ಎಳೆಗಳಂತೆ ಗಾಳಿಯಲ್ಲೇ ಜೋತಾಡುತ್ತಿದ್ದವು.

“ಮರೆತಿಲ್ಲ ಪುಟ್ಟಿ. ಹಿಂದೆ ಒಂದು ಸಲ ಮಣ್ಣು ಹಾಕಿಯೇ ಒಂದು ಗಿಡ ಸಾಯಿಸಿದ್ದೇನೆ. ಅದಕ್ಕೇ ಹಾಕಿಲ್ಲ” ಎಂದೆ. ಸಾಯಿಸಿದ ಕಥೆ ಹೇಳುವವರೆಗೂ ಅವಳು ನನ್ನನ್ನು ಬಿಡಲಿಲ್ಲ. ನಿಮಗೂ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಕಿತ್ತು ತಂದ ತಪ್ಪು

1979ರಲ್ಲಿ ನಾನು ತರೀಕೆರೆಯಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದೆ. ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರಿ ನಾಲ್ಕು ವರ್ಷ, ಮದುವೆಯಾಗಿ ಒಂದು ವರ್ಷ ಆಗಿತ್ತು. ಜೂನ್ ತಿಂಗಳ ಒಂದು ಭಾನುವಾರ ಗೆಳೆಯರ ಜೊತೆ ಕೆಮ್ಮಣ್ಣುಗುಂಡಿಗೆ ಹೋಗಿದ್ದೆ. 1,434 ಮೀಟರ್ ಎತ್ತರದ ಆ ಗಿರಿಧಾಮ ತರೀಕೆರೆ ತಾಲ್ಲೂಕಿನದೇ. ಬೆಟ್ಟ ಇಳಿದು ಬರುವಾಗ ದಾರಿಬದಿಯ ಒಂದು ಮರದಲ್ಲಿ ಗೇಣಿಗಿಂತ ಉದ್ದದ ಹೂಗೊಂಚಲುಗಳು ಜೋತುಬಿದ್ದಿದ್ದವು. ಬಿಳಿ ಹೂ, ಅದರ ಮೇಲೆ ಗುಲಾಬಿ–ನೇರಳೆ ಚುಕ್ಕಿ. ಒಂದೊಂದು ಗೊಂಚಲಿನಲ್ಲಿ ಎಣಿಸಲಾರದಷ್ಟು ಹೂ. ನಮ್ಮ ಮಲೆನಾಡಿನವರು ಇದನ್ನು ‘ಸೀತಾಳೆ ದಂಡೆ’ ಎನ್ನುತ್ತಾರೆ. ಹೆಣ್ಣುಮಕ್ಕಳು ಜಡೆಗೆ ಮುಡಿಯುವ ದಂಡೆಯಂತೆಯೇ ಇರುತ್ತದೆ.

ಹೆಂಡತಿ ಮುಡಿದರೆ ಎಷ್ಟು ಚೆನ್ನ ಎನ್ನಿಸಿತು. ಬರೀ ಹೂವಿಗೆ ಮನಸ್ಸು ತೃಪ್ತಿಪಡಲಿಲ್ಲ. ಗಿಡವನ್ನೇ ಹಿಡಿದು ಎಳೆದೆ. ತೊಗಟೆಗೆ ಅಂಟಿದ್ದ ಬೇರುಗಳು ಪಟಪಟನೆ ಹರಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮನೆಗೆ ತಂದು ಹೊಸ ಹೂಕುಂಡದಲ್ಲಿ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ನೆಟ್ಟೆ. ದಾರಿಯಲ್ಲೇ ಹೂವೆಲ್ಲ ಉದುರಿ ಹೋಗಿತ್ತು. ಮುಂದಿನ ವರ್ಷ ಬಿಡುತ್ತದೆ ಎಂದು ಬೆಳಿಗ್ಗೆ ಸಂಜೆ ನೀರು ಹೊಯ್ದೆ. ಆರು ವಾರದಲ್ಲಿ ಬೇರು ಕೊಳೆತು, ಎಲೆ ಹಳದಿಯಾಗಿ, ಗಿಡ ಸತ್ತಿತು. ನನ್ನ ಹೆಂಡತಿ ಹೇಳಿದ್ದು ಒಂದೇ ಮಾತು: “ಅದು ಇದ್ದಲ್ಲೇ ಚೆನ್ನಾಗಿತ್ತಲ್ಲ ರೀ, ನಾನೇನು ಕೇಳಿದ್ದೆನಾ?”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಬಂದಳಿಕೆಯಲ್ಲ, ಬಾಡಿಗೆಯವರು

ಸೀತಾಳೆ ದಂಡೆ ಆರ್ಕಿಡ್ ಜಾತಿಗೆ ಸೇರಿದ್ದು. ಜಗತ್ತಿನಲ್ಲಿ 25,000ಕ್ಕೂ ಹೆಚ್ಚು ಬಗೆಯ ಆರ್ಕಿಡ್‌ಗಳಿವೆ; ನಮ್ಮ ಭಾರತದಲ್ಲೇ 1,200ಕ್ಕೂ ಹೆಚ್ಚು. ಕೆಲವು ನೆಲದಲ್ಲಿ ಬೆಳೆದರೆ, ಹಲವು ಮರದ ಮೇಲೆ ಬೆಳೆಯುತ್ತವೆ.

ಮರದ ಮೇಲಿದೆ ಎಂದ ಮಾತ್ರಕ್ಕೆ ಅದು ಬಂದಳಿಕೆಯಲ್ಲ. ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ಅದರ ರಸ ಹೀರುತ್ತದೆ. ಆರ್ಕಿಡ್ ಮರದಿಂದ ಏನನ್ನೂ ಕದಿಯುವುದಿಲ್ಲ, ಕೂರಲು ಜಾಗವಷ್ಟೇ ಪಡೆಯುತ್ತದೆ. ಇಬ್ಬರನ್ನೂ ಒಂದೇ ಎಂದು ತಿಳಿದು ಎಷ್ಟೋ ತೋಟಗಳಲ್ಲಿ ಪಾಪದ ಆರ್ಕಿಡ್‌ಗಳನ್ನು ಕಿತ್ತು ಎಸೆಯುತ್ತಾರೆ.

ಹಾಗಾದರೆ ಅದರ ಊಟ ಎಲ್ಲಿಂದ? ಬೇರಿನ ಸುತ್ತ ಸ್ಪಂಜಿನಂಥ ಒಂದು ಹೊದಿಕೆ ಇದೆ. ಮಳೆ ಬಂದಾಗ ಅದು ನೀರನ್ನು ಥಟ್ಟನೆ ಹೀರಿಕೊಳ್ಳುತ್ತದೆ. ತೊಗಟೆಯ ಮೇಲಿನ ಧೂಳು, ಕೊಳೆತ ಎಲೆ, ಹಕ್ಕಿಯ ಹಿಕ್ಕೆ ಇವುಗಳ ಸಾರ ಆ ನೀರಿನ ಜೊತೆ ಸಿಗುತ್ತದೆ. ಮಕ್ಕಳೇ, ನೀವೇ ನೋಡಬಹುದಾದ ಒಂದು ಮೋಜು ಇಲ್ಲಿದೆ: ಒಣಗಿದಾಗ ಬೇರು ಬೆಳ್ಳಗೆ ಬೆಳ್ಳಿಯಂತಿರುತ್ತದೆ, ನೀರು ಚಿಮುಕಿಸಿದರೆ ಕಣ್ಣೆದುರೇ ಹಸಿರಾಗುತ್ತದೆ. ಬೆಳ್ಳಗಿದ್ದರೆ ನೀರು ಕೊಡು, ಹಸಿರಿದ್ದರೆ ಸುಮ್ಮನಿರು. ನಮ್ಮ ಮನೆಯಲ್ಲಿ ಇದೇ ನಿಯಮ.

ಇಂಥ ಬೇರನ್ನು ನಾನು 1979ರಲ್ಲಿ ಒದ್ದೆ ಮಣ್ಣಿನಲ್ಲಿ ಹೂತಿದ್ದೆ. ಉಸಿರುಕಟ್ಟದೆ ಇನ್ನೇನಾದೀತು?

ರೈಲಿನಲ್ಲಿ ಬಂದ ಮರಬಾಳೆ

2013ರಲ್ಲಿ ನಿವೃತ್ತನಾಗಿ ಕಡೂರಿನಲ್ಲಿ ನೆಲೆಸಿದೆ. 2017ರ ಮೇ ತಿಂಗಳಲ್ಲಿ ಅಜ್ಜಂಪುರದಿಂದ ಫೋನು ಬಂತು. ಅಲ್ಲಿಯೂ ನಾನು ಕೆಲಸ ಮಾಡಿದ್ದವನು. ಫೋನು ಮಾಡಿದವರು ನನ್ನ ಕೌಂಟರಿಗೆ ಬರುತ್ತಿದ್ದ ಈರುಳ್ಳಿ ಬೆಳೆಗಾರರು. “ಸಾರ್, ರಾತ್ರಿ ಗಾಳಿಗೆ ನಮ್ಮ ಹೊಲದ ಮಾವಿನ ಮರ ಉರುಳಿದೆ. ಸೌದೆಗೆ ಕೊಯ್ಯಿಸ್ತಿದ್ದೀನಿ. ಅದರಲ್ಲಿ ಮರಬಾಳೆ ಐತೆ, ನಿಮಗೆ ಬೇಕಾ?”

ಮರಬಾಳೆ ಬಯಲುಸೀಮೆಯ ಆರ್ಕಿಡ್. ಬಿಸಿಲು, ಒಣಹವೆಗೆ ಜಗ್ಗದ ಗಟ್ಟಿಜೀವ. ವಿಜ್ಞಾನಿಗಳು ಇದನ್ನು ‘ವಾಂಡಾ’ ಎನ್ನುತ್ತಾರೆ. ಆ ಹೆಸರು ನಮ್ಮ ಸಂಸ್ಕೃತದಿಂದಲೇ ಹೋದದ್ದು. ಹಳದಿ–ಹಸಿರು ಹೂವಿನ ಮೇಲೆ ಚೌಕಾಬಾರದ ಮಣೆಯಂತೆ ಕಂದು ಗೆರೆಗಳು, ನಡುವೆ ನೇರಳೆ ತುಟಿ, ಮೇಲೆ ಸುವಾಸನೆ.

ಈ ಸಲ ಗಿಡ ಕೀಳಲಿಲ್ಲ. ಗಿಡ ಕೂತಿದ್ದ ಕೊಂಬೆಯನ್ನೇ ಎರಡು ಅಡಿ ಉದ್ದಕ್ಕೆ ಕೊಯ್ಯಿಸಿಕೊಂಡು, ಹಳೆಯ ಪಂಚೆಯಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ರೈಲು ಹತ್ತಿದೆ. ಬೀರೂರು ದಾಟಿ ಕಡೂರು ಬರುವವರೆಗೂ ಅಕ್ಕಪಕ್ಕದವರಿಗೆಲ್ಲ ಉತ್ತರ ಹೇಳಿ ಸಾಕಾಯಿತು. ಮುಂದಿನ ವರ್ಷ ತರೀಕೆರೆಯ ಹಳೆಯ ಪರಿಚಯದವರು ಹೆಂಚಿನ ಮೇಲೆ ಬಾಗಿದ್ದ ಹಲಸಿನ ಕೊಂಬೆ ಕಡಿಸಿದರು. ಅದರಲ್ಲಿ ಸೀತಾಳೆ ದಂಡೆಯ ಗಿಡವಿತ್ತು. ಅದೂ ಕೊಂಬೆಸಮೇತ ನಮ್ಮ ಮನೆಗೆ ಬಂತು.

ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಆರೈಕೆ

ಬೇಸಿಗೆ: ಕಡೂರಿನ ಬಿಸಿಲು ನಿಮಗೆ ಗೊತ್ತಲ್ಲ. ಬೆಳಗಿನ ಎಳೆಬಿಸಿಲು ಎರಡು ಮೂರು ಗಂಟೆ ಬೀಳಲಿ, ಮಧ್ಯಾಹ್ನದ ಬಿಸಿಲಿಗೆ ಮರದ ನೆರಳೋ ಹಸಿರು ಪರದೆಯೋ ಇರಲಿ. ಬೆಳಿಗ್ಗೆ ಕೊರಡನ್ನು ಒಂದು ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಅದ್ದಿ ತೆಗೆಯುತ್ತೇನೆ. ಉಳಿದ ನೀರು ಕರಿಬೇವಿಗೆ. ಮರಬಾಳೆ ಹೂ ಬಿಡಲು ಶುರುಮಾಡುವುದು ಈ ಕಾಲದಲ್ಲೇ. ಭರಣಿ, ಕೃತ್ತಿಕೆ ಮಳೆಯ ನಾಲ್ಕು ಹನಿ ಬಿದ್ದರೆ ಬೇರಿನ ತುದಿ ಹೊಸದಾಗಿ ಹಸಿರೊಡೆಯುತ್ತದೆ.

ಮಳೆಗಾಲ: ರೋಹಿಣಿ, ಮೃಗಶಿರ ಹೊತ್ತಿಗೆ ಸೀತಾಳೆ ದಂಡೆಯ ಕಾಲ. ಆಮೇಲೆ ಎಲೆ, ಬೇರು ಬೆಳೆಯುವ ಕಾಲ. ಗೊಬ್ಬರದ ಅಂಗಡಿಯಲ್ಲಿ ಸಿಗುವ 19:19:19 ಪುಡಿಯನ್ನು ಲೀಟರಿಗೆ ಅರ್ಧ ಗ್ರಾಂ ಕರಗಿಸಿ ವಾರಕ್ಕೊಮ್ಮೆ ಸಿಂಪಡಿಸಿದರೆ ಸಾಕು. ಹೆಚ್ಚು ಹಾಕಿದರೆ ಬೇರು ಸುಡುತ್ತದೆ. ಎಲೆಗಳ ಸಂದಿಯಲ್ಲಿ ನೀರು ನಿಂತರೆ ಸುಳಿ ಕೊಳೆಯುತ್ತದೆ. ಅದಕ್ಕೇ ಗಿಡವನ್ನು ಸ್ವಲ್ಪ ವಾಲಿಸಿ ಕಟ್ಟಬೇಕು. ರಾತ್ರಿ ಟಾರ್ಚು ಹಿಡಿದು ಬಸವನಹುಳು ಆರಿಸುವುದು ಮಕ್ಕಳ ಕೆಲಸ.

ಚಳಿಗಾಲ: ಸ್ವಾತಿ ಮಳೆ ಮುಗಿದ ಮೇಲೆ ಗಿಡಕ್ಕೆ ವಿಶ್ರಾಂತಿ. ಗೊಬ್ಬರ ನಿಲ್ಲಿಸಿ. ವಾರಕ್ಕೆ ಎರಡು ಸಲ ನೀರು ಸಾಕು. ಬೆಳೆಯುತ್ತಿಲ್ಲವಲ್ಲ ಎಂದು ಉಪಚಾರ ಮಾಡಲು ಹೋಗಬೇಡಿ. ನಮ್ಮಂಥ ವಯಸ್ಸಾದವರ ಮಧ್ಯಾಹ್ನದ ನಿದ್ದೆ ಇದ್ದ ಹಾಗೆ, ಎಬ್ಬಿಸಿದರೆ ಒಳ್ಳೆಯದಲ್ಲ!

ಬಿದ್ದುಹೋದ ಮೊಗ್ಗು

ಮರಬಾಳೆ ಮೂರನೇ ವರ್ಷ, 2020ರ ಏಪ್ರಿಲ್‌ನಲ್ಲಿ ಹೂ ಬಿಟ್ಟಿತು. ಏಳು ಹೂ. ಮೊಮ್ಮಗಳಿಗೆ ಫೋನಿನಲ್ಲೇ ತೋರಿಸಿದೆ. ಸೀತಾಳೆ ದಂಡೆ ಮಾತ್ರ ಹಟ ಹಿಡಿದಿತ್ತು. ಎಲೆಯೇನೋ ಕಡುಹಸಿರು, ನೋಡಲು ಚೆಂದ. ಅದೇ ರೋಗದ ಗುರುತು ಎಂದು ನನಗೆ ತಡವಾಗಿ ತಿಳಿಯಿತು. ಎಲೆ ತೀರ ಕಡುಹಸಿರಾದರೆ ಬೆಳಕು ಸಾಲದು ಎಂದರ್ಥ, ತಿಳಿಹಸಿರಿದ್ದರೆ ಹದ, ಹಳದಿಗೆ ತಿರುಗಿದರೆ ಬಿಸಿಲು ಹೆಚ್ಚು. 2022ರಲ್ಲಿ ಅದನ್ನು ಪೂರ್ವದ ಕಡೆಗೆ ಸ್ಥಳಾಂತರಿಸಿದೆ.

2023ರಲ್ಲಿ ಮಳೆ ಕೈಕೊಟ್ಟಿತು. 2024ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿತು. ಟ್ಯಾಂಕರ್ ನೀರಿಗೆ ಕಾಯುವ ಸ್ಥಿತಿ. ಅದೇ ಏಪ್ರಿಲ್‌ನಲ್ಲಿ, ಆರು ವರ್ಷ ಕಾಯಿಸಿದ ಸೀತಾಳೆ ದಂಡೆಯ ಎಲೆಸಂದಿಯಿಂದ ಒಂದು ಮೊಗ್ಗಿನ ಕುಡಿ ಇಣುಕಿತು!

ನನಗೆ ಆಸೆ ಹೆಚ್ಚಾಯಿತು. ಟ್ಯಾಂಕರಿನ ಗಡಸು ನೀರನ್ನೇ ದಿನಕ್ಕೆ ಮೂರು ಸಲ ಎರೆದೆ. ಹದಿನೈದು ದಿನದಲ್ಲಿ ಬೇರಿನ ಮೇಲೆ ಉಪ್ಪಿನ ಬಿಳಿ ಪದರ ಕಟ್ಟಿತು, ಎಲೆಯ ತುದಿ ಕರಕಾಯಿತು, ಕುಡಿ ಒಣಗಿ ಬಿತ್ತು. ಮತ್ತೆ ಅದೇ ತಪ್ಪು: ಗಿಡ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟಿದ್ದೆ.

ರಜೆಗೆ ಬಂದಿದ್ದ ಮೊಮ್ಮಗಳು ಒಣಗಿದ ಕುಡಿಯನ್ನು ಅಂಗೈಯಲ್ಲಿಟ್ಟುಕೊಂಡು ಅತ್ತಳು. ಆಮೇಲೆ ತಾನೇ ಉಸ್ತುವಾರಿ ವಹಿಸಿದಳು. ಮೇ ತಿಂಗಳ ಮಳೆಯಲ್ಲಿ ಸೂರಿನ ಕೆಳಗೆ ಡ್ರಮ್ಮು, ಕೊಳದಪ್ಪಲೆ, ಬಕೆಟ್ ಸಾಲಾಗಿ ಇಟ್ಟು ಮಳೆನೀರು ಹಿಡಿದಳು. ಆ ನೀರಿನಲ್ಲಿ ಬೇರಿನ ಉಪ್ಪು ತೊಳೆದೆವು. ಊರಿಗೆ ಹೊರಡುವ ದಿನ ಗೋಡೆಯ ಮೇಲೆ ಬಳಪದಲ್ಲಿ ಬರೆದಳು: ‘ಬೇರು ಬೆಳ್ಳಗಾದರೆ ಮಾತ್ರ ನೀರು. ತಾತನಿಗೆ ಎಚ್ಚರಿಕೆ.’

ನೀವೂ ಬೆಳೆಸುವುದಾದರೆ

ಕಾಡಿಗೆ ಹೋಗಿ ಕೀಳಬೇಡಿ. ನಾನು 1979ರಲ್ಲಿ ಮಾಡಿದ್ದು ತಪ್ಪಷ್ಟೇ ಅಲ್ಲ. ಕಾಡಿನ ಗಿಡ ಕಿತ್ತು ತರುವುದು ಕಾನೂನಿನ ಪ್ರಕಾರವೂ ಅಪರಾಧ. ಒಂದು ಆರ್ಕಿಡ್ ಮತ್ತೆ ಹುಟ್ಟುವುದು ಎಷ್ಟು ಕಷ್ಟ ಗೊತ್ತೆ? ಒಂದು ಕಾಯಿಯಲ್ಲಿ ಧೂಳಿನಂಥ ಸಾವಿರಾರು, ಕೆಲವು ಬಗೆಗಳಲ್ಲಿ ಲಕ್ಷಾಂತರ ಬೀಜಗಳಿರುತ್ತವೆ. ಆದರೆ ಕಡಲೆ, ಅವರೆಯಂತೆ ಬೀಜದೊಳಗೆ ಬುತ್ತಿ ಇರುವುದಿಲ್ಲ. ತೊಗಟೆಯ ಮೇಲೆ ಸರಿಯಾದ ಶಿಲೀಂಧ್ರ ಸಿಕ್ಕಿ, ಅದು ಉಣಿಸಿದರೆ ಮಾತ್ರ ಮೊಳಕೆ. ಲಕ್ಷ ಬೀಜದಲ್ಲಿ ಗಿಡವಾಗುವುದು ಎಲ್ಲೋ ಒಂದೆರಡು.

1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಎಂಬ ವಿಜ್ಞಾನಿ ಶಿಲೀಂಧ್ರವಿಲ್ಲದೆಯೇ ಸಕ್ಕರೆ ಬೆರೆಸಿದ ಅಗರ್ ಪಾಕದಲ್ಲಿ ಆ ಬೀಜ ಮೊಳೆಸುವ ದಾರಿ ಪ್ರಕಟಿಸಿದರು. ಬಾಟಲಿಯಲ್ಲಿ ಬೆಳೆಸಿದ ಸಸಿಗಳು ಇಂದು ನರ್ಸರಿಗಳಲ್ಲಿ ಸಿಗುತ್ತವೆ. ಡೆಂಡ್ರೋಬಿಯಂ ಎಂಬ ಬಗೆ ಹೊಸಬರಿಗೆ ಸುಲಭ. ತೆಂಗಿನ ಸಿಪ್ಪೆ, ಇದ್ದಿಲು, ಹೆಂಚಿನ ಚೂರು ಹಾಕಿದ ತೂತಿನ ಕುಂಡ ಸಾಕು. ಕೊರಡಿಗೆ ಕಟ್ಟುವುದಾದರೆ ಹಳೆಯ ಹತ್ತಿ ಸೀರೆಯ ಪಟ್ಟಿಯಲ್ಲಿ ಕಟ್ಟಿ. ಬಟ್ಟೆ ಸವೆಯುವ ಹೊತ್ತಿಗೆ ಬೇರು ಹಿಡಿದಿರುತ್ತದೆ.

ಐಸ್‌ಕ್ರೀಮ್ ಪ್ರಿಯರಿಗೆ ಒಂದು ಮಾತು. ವೆನಿಲಾ ಕೂಡ ಆರ್ಕಿಡ್ ಬಳ್ಳಿಯ ಕಾಯಿ! ಅದರ ಹೂವಿಗೆ ಕೈಯಿಂದ ಸುಲಭವಾಗಿ ಪರಾಗ ಮುಟ್ಟಿಸುವ ಉಪಾಯವನ್ನು 1841ರಲ್ಲಿ ತೋರಿಸಿಕೊಟ್ಟವನು ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಹನ್ನೆರಡು ವರ್ಷದ ಹುಡುಗ, ಎಡ್ಮಂಡ್ ಆಲ್ಬಿಯಸ್. ಮಕ್ಕಳ ಕಣ್ಣು ದೊಡ್ಡವರ ಕಣ್ಣಿಗಿಂತ ಚುರುಕು ಎಂದು ನಾನು ಸುಮ್ಮನೆ ಹೇಳುವುದಿಲ್ಲ.

ದಂಡೆ ಮುಡಿದ ದಿನ

2025ರ ಜೂನ್ ಮೊದಲ ವಾರ. ರೋಹಿಣಿ ಮಳೆ ಜಿನುಗುತ್ತಿತ್ತು. ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದ ನನ್ನ ಹೆಂಡತಿ “ರೀ, ಬನ್ನಿ ಇಲ್ಲಿ” ಎಂದು ಮೆಲ್ಲಗೆ ಕರೆದಳು. ಸೀತಾಳೆ ದಂಡೆ ಅರಳಿತ್ತು. ಒಂದೇ ಗೊಂಚಲು, ಮೊಮ್ಮಗಳು ಎಣಿಸಿದಂತೆ 84 ಹೂ.

“ಅಸ್ಸಾಮಿನಲ್ಲಿ ಇದೇ ರಾಜ್ಯದ ಹೂ. ಬಿಹು ಹಬ್ಬದಲ್ಲಿ ಹೆಣ್ಣುಮಕ್ಕಳು ಇದನ್ನು ಮುಡಿದೇ ಕುಣಿಯೋದು” ಎಂದು ಹೇಳಿದೆ. ತಕ್ಷಣ ಹುಡುಗಿ ಅಜ್ಜಿಯ ಕಡೆ ತಿರುಗಿದಳು, “ಅಜ್ಜಿ, ನಾನೂ ಮುಡೀಲಾ?”

“ಮುಡಿದರೆ ಒಂದು ದಿನ. ಗಿಡದಲ್ಲೇ ಇದ್ದರೆ ಹದಿನೈದು ದಿನ. ಯಾವುದು ಬೇಕು ನೀನೇ ಹೇಳು” ಎಂದಳು ಅಜ್ಜಿ.

ಹುಡುಗಿ ಸ್ವಲ್ಪ ಯೋಚಿಸಿದಳು. ಆಮೇಲೆ ಗಿಡಕ್ಕೆ ಬೆನ್ನು ಮಾಡಿ, ಜೋತುಬಿದ್ದ ಗೊಂಚಲು ತನ್ನ ಜಡೆಯ ಮೇಲೆ ಬರುವಂತೆ ಬಗ್ಗಿ ನಿಂತಳು. “ತಾತ, ಈಗ ಫೋಟೊ ತೆಗೀರಿ!” ಕೀಳದೆಯೇ ದಂಡೆ ಮುಡಿದಾಗಿತ್ತು.

“ಈಗ ಅಜ್ಜಿ” ಎಂದು ಅವಳನ್ನೂ ಕೈಹಿಡಿದು ಎಳೆದು ನಿಲ್ಲಿಸಿದಳು. “ಇದೆಲ್ಲ ಯಾಕೇ” ಎನ್ನುತ್ತಲೇ ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು ನಿಂತಳು. ಬೆಳ್ಳಗಾದ ತುರುಬಿನ ಮೇಲೆ ಗುಲಾಬಿ ಚುಕ್ಕಿಯ ದಂಡೆ. ಫೋನು ಹಿಡಿದ ನನ್ನ ಕೈ ನಡುಗಿತು. ಫೋಟೊ ಸ್ವಲ್ಪ ಮಸುಕಾಗಿ ಬಂದಿದೆ. ಆದರೂ ಅದನ್ನೇ ದೊಡ್ಡದು ಮಾಡಿಸಿ ನಡುಮನೆಯಲ್ಲಿ ಹಾಕಿದ್ದೇವೆ.