ಒಂದೇ ಬಾಡಿಗೆ, ಬೇರೆ ಬೇರೆ ಹೊರೆ: ಅಮೆರಿಕದ ಒಂದು ಸಣ್ಣ ನಗರದ ಲೆಕ್ಕ



ಬಾಡಿಗೆ ಒಪ್ಪಂದ ನವೀಕರಿಸುವ ತಿಂಗಳು ಬಂತೆಂದರೆ ಗಲ್ಫ್‌ನಲ್ಲಿರುವ ನಮ್ಮೆಲ್ಲರದ್ದೂ ಒಂದೇ ಮಾತು: "ಬಾಡಿಗೆ ತುಂಬಾ ಜಾಸ್ತಿಯಾಯ್ತು ಮಾರಾಯ್ರೆ." ಆದರೆ ಎಷ್ಟಾದರೆ ಜಾಸ್ತಿ? ಅಮೆರಿಕದಲ್ಲಿ ಇದಕ್ಕೊಂದು ಅಳತೆ ಇದೆ. ನನ್ನ ಅಕ್ಕನ ಮಗ ಓದಲಿಕ್ಕೆಂದು ಷಿಕಾಗೋ ಪಕ್ಕದ ಇವಾನ್‌ಸ್ಟನ್‌ಗೆ ಹೋದ ಮೇಲೆ ಆ ಅಳತೆಯನ್ನು ನಾನೂ ಸ್ವಲ್ಪ ಗಮನವಿಟ್ಟು ನೋಡಿದೆ.

ಲೆಕ್ಕ ಸುಲಭ. ಬಾಡಿಗೆಗೆ ಕರೆಂಟು, ನೀರು, ಗ್ಯಾಸ್ ಬಿಲ್ಲು ಸೇರಿಸಿ, ಮನೆಯ ಒಟ್ಟು ಆದಾಯದಿಂದ ಭಾಗಿಸಬೇಕು. ಶೇ. 30 ದಾಟಿದರೆ ಅದು 'ಬಾಡಿಗೆ ಹೊರೆ'. ಶೇ. 50 ದಾಟಿದರೆ 'ತೀವ್ರ ಹೊರೆ'. ಈ ಮಿತಿಯ ಹಿಂದೆ 1969ರ ಒಂದು ಕಾನೂನು ಇದೆ. ಸರ್ಕಾರಿ ವಸತಿಯಲ್ಲಿರುವ ಬಡವರಿಂದ ಆದಾಯದ ಶೇ. 25ಕ್ಕಿಂತ ಹೆಚ್ಚು ಬಾಡಿಗೆ ವಸೂಲು ಮಾಡಬಾರದು ಎಂಬ ತಿದ್ದುಪಡಿಯನ್ನು ಸೆನೆಟರ್ ಎಡ್ವರ್ಡ್ ಬ್ರೂಕ್ ತಂದರು. ಜನರ ನೇರ ಮತದಿಂದ ಸೆನೆಟ್‌ಗೆ ಆಯ್ಕೆಯಾದ ಮೊದಲ ಕಪ್ಪು ಅಮೆರಿಕನ್ ಅವರೇ. 1981ರಲ್ಲಿ ಆ ಮಿತಿ ಶೇ. 30ಕ್ಕೆ ಏರಿತು.

ಈಗ ಅಂಕಿಅಂಶ ನೋಡೋಣ. ಅಮೆರಿಕದ ಜನಗಣತಿ ಇಲಾಖೆಯ 2023ರ ಸಮೀಕ್ಷೆ ಪ್ರಕಾರ ಬಾಡಿಗೆ ಮನೆಯಲ್ಲಿರುವ ಕುಟುಂಬಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಈ ಹೊರೆ ಹೊತ್ತಿವೆ. ಬಿಳಿಯರಲ್ಲಿ ಇದು ಸುಮಾರು ಶೇ. 47, ಕಪ್ಪು ಜನರಲ್ಲಿ ಸುಮಾರು ಶೇ. 56.

ಹಾಗಾದರೆ ಮಾಲೀಕರು ಬಣ್ಣ ನೋಡಿ ಬಾಡಿಗೆ ಹೇಳುತ್ತಾರಾ? 1968ರಿಂದಲೇ ಅದಕ್ಕೆ ಕಾನೂನಿನ ತಡೆ ಇದೆ. ಬಾಡಿಗೆ ಒಂದೇ ಇದ್ದರೂ ಹೊರೆ ಬೇರೆಯಾಗಬಹುದು, ವಿಷಯ ಇರುವುದೇ ಅಲ್ಲಿ. ಉದಾಹರಣೆಗೆ, ಒಂದೇ ಕಟ್ಟಡ, ಒಂದೇ ಅಳತೆಯ ಎರಡು ಮನೆ, ತಿಂಗಳಿಗೆ 1,500 ಡಾಲರ್. ಒಬ್ಬರ ಆದಾಯ 6,000 ಡಾಲರ್, ಹೊರೆ ಶೇ. 25. ಎದುರು ಮನೆಯವರ ಆದಾಯ 3,000, ಹೊರೆ ಶೇ. 50. ಬಾಡಿಗೆ ಕಟ್ಟಿದ ಮೇಲೆ ಮೊದಲನೆಯವರ ಕೈಯಲ್ಲಿ 4,500 ಉಳಿಯಿತು, ಎರಡನೆಯವರ ಕೈಯಲ್ಲಿ 1,500. ದಿನಸಿ, ಔಷಧಿ, ಮಕ್ಕಳ ಖರ್ಚು ಎಲ್ಲ ಅದರಲ್ಲೇ ಆಗಬೇಕು. 2023ರಲ್ಲಿ ಬಿಳಿಯ ಕುಟುಂಬಗಳ ಮಧ್ಯಮ ವಾರ್ಷಿಕ ಆದಾಯ ಸುಮಾರು 89,000 ಡಾಲರ್ ಇದ್ದರೆ ಕಪ್ಪು ಕುಟುಂಬಗಳದ್ದು ಸುಮಾರು 56,500.

ಆದಾಯ ಮಾತ್ರವಲ್ಲ, ಹಿಂದಿನ ಬಾಕಿಯೂ ಇದೆ. ನಮ್ಮ ಲೆಕ್ಕದ ಪುಸ್ತಕದಲ್ಲಿ ಹೋದ ವರ್ಷದ ಕೊನೆಯ ಶಿಲ್ಕು ಈ ವರ್ಷದ ಆರಂಭದ ಶಿಲ್ಕು ಆಗುತ್ತದಲ್ವಾ, ಹಾಗೆ. ಇವಾನ್‌ಸ್ಟನ್ ಸುಮಾರು 78,000 ಜನರ, ವಿಶ್ವವಿದ್ಯಾಲಯವಿರುವ ನಗರ. 1930ರ ದಶಕದಲ್ಲಿ ಅಲ್ಲಿ ಗೃಹಸಾಲಕ್ಕಾಗಿ ತಯಾರಾದ ನಕ್ಷೆಯಲ್ಲಿ ಕಪ್ಪು ಜನರು ವಾಸವಿದ್ದ ಪಶ್ಚಿಮದ ಭಾಗಕ್ಕೆ ಕೆಂಪು ಬಣ್ಣ ಬಳಿದರು. ಕೆಂಪು ಅಂದರೆ ಅಪಾಯ, ಸಾಲಕ್ಕೆ ಯೋಗ್ಯವಲ್ಲ. ಅಲ್ಲಿ ಮನೆ ಕೊಳ್ಳಲು ಸಾಲ ಸಿಗುವುದು ಕಷ್ಟ. ಬೇರೆ ಬಡಾವಣೆಗೆ ಹೋಗಲು ಬಿಡುತ್ತಿರಲಿಲ್ಲ. ಸಾಲ ಸಿಕ್ಕವರ ಕಂತು ಒಂದು ದಿನ ತೀರಿತು, ಮನೆಯ ಬೆಲೆ ಏರಿತು, ಮಕ್ಕಳಿಗೆ ಆಸ್ತಿ ಬಂತು. ಸಿಗದವರ ಬಾಡಿಗೆ ಮಾತ್ರ ತೀರಲೇ ಇಲ್ಲ. 2022ರಲ್ಲಿ ಇಡೀ ಅಮೆರಿಕದಲ್ಲಿ ಬಿಳಿಯ ಕುಟುಂಬದ ಮಧ್ಯಮ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900.

ಇವಾನ್‌ಸ್ಟನ್ ನಗರಸಭೆ ಈ ತಪ್ಪನ್ನು ಒಪ್ಪಿಕೊಂಡಿತು. ಗಾಂಜಾ ಮಾರಾಟದ ತೆರಿಗೆಯಿಂದ 1 ಕೋಟಿ ಡಾಲರ್ ಪರಿಹಾರ ನಿಧಿ ಮಾಡಲು 2019ರಲ್ಲಿ ತೀರ್ಮಾನಿಸಿತು. 1919ರಿಂದ 1969ರ ನಡುವೆ ಅಲ್ಲಿದ್ದ ಕಪ್ಪು ನಿವಾಸಿಗಳಿಗೆ ಮತ್ತು ಅವರ ಸಂತತಿಗೆ ತಲಾ 25,000 ಡಾಲರ್ ಕೊಡುವ ಯೋಜನೆಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಮೊದಲಿಗೆ ಆ ಹಣ ಮನೆ ಕೊಳ್ಳಲು, ದುರಸ್ತಿಗೆ ಅಥವಾ ಗೃಹಸಾಲ ತೀರಿಸಲು ಮಾತ್ರ. ಮನೆ ಕೊಳ್ಳುವ ಶಕ್ತಿಯೇ ಇಲ್ಲದ ಬಾಡಿಗೆದಾರನಿಗೆ ಏನು ಪ್ರಯೋಜನ? ನಗದಾಗಿ ಕೊಡಲು ನಗರಸಭೆ ಒಪ್ಪಿದ್ದು 2023ರಲ್ಲಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. "ಮಾವ, ನನ್ನ ಬಾಡಿಗೆ ಹೊರೆ ಶೇ. 100 ದಾಟ್ತದೆ" ಎಂದು ಅಕ್ಕನ ಮಗ ಫೋನಿನಲ್ಲಿ ನಗುತ್ತಿದ್ದ. ಅವನಿಗೆ ಕ್ಯಾಂಪಸ್ ಕೆಲಸದ ಸಣ್ಣ ಸಂಬಳ ಬಿಟ್ಟರೆ ಬೇರೆ ಆದಾಯವಿಲ್ಲ. ಬಾಡಿಗೆ ಕಟ್ಟುವುದು ಅವನ ಅಪ್ಪ. ವಿದ್ಯಾರ್ಥಿಗಳು ತುಂಬಿರುವ ಸಣ್ಣ ನಗರದಲ್ಲಿ ಇಂಥವರೂ ಶೇಕಡಾವಾರಿನಲ್ಲಿ ಸೇರುತ್ತಾರೆ. ಸಮೀಕ್ಷೆಗೆ ಸಿಗುವ ಮನೆಗಳೂ ಕಡಿಮೆ, ಒಂದು ವರ್ಷದ ಅಂಕಿ ಮೇಲೆ ಕೆಳಗೆ ಆಗುತ್ತದೆ. ಅದಕ್ಕೇ ಸಣ್ಣ ಊರುಗಳಿಗೆ ಐದು ವರ್ಷದ ಮಾಹಿತಿ ಒಟ್ಟು ಸೇರಿಸಿ ನೋಡುತ್ತಾರೆ. ಬರೀ ಶೇಕಡಾ ನೋಡಬೇಡಿ, ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಎಷ್ಟು ಉಳಿಯುತ್ತದೆ, ಕಷ್ಟ ಬಂದರೆ ಹಿಂದೆ ಏನಿದೆ ಎಂಬುದನ್ನೂ ನೋಡಿ.

ಈ ಲೆಕ್ಕ ನಮಗೂ ಅನ್ವಯಿಸುತ್ತದೆ. ಒಂದೇ ಕೆಲಸಕ್ಕೆ ಪಾಸ್‌ಪೋರ್ಟ್ ನೋಡಿ ಸಂಬಳ ಹೇಳುವುದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಬಾಡಿಗೆಯಲ್ಲಿ ಮಾತ್ರ ಯಾರಿಗೂ ರಿಯಾಯಿತಿ ಇಲ್ಲ. ಈ ತಿಂಗಳು ಬಾಡಿಗೆ, ಕರೆಂಟು, ನೀರು ಕೂಡಿಸಿ ಸಂಬಳದಿಂದ ಭಾಗಿಸಿ. ಆಮೇಲೆ ಊರಿಗೆ ಕಳಿಸುವ ಹಣವನ್ನೂ ಕಳೆಯಿರಿ. ಉಳಿದದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಸಂಬಳದ ಬಗ್ಗೆ ಮಾತಾಡಲು ಕೂತಾಗ ಬೇಕಾಗುತ್ತದೆ.