ಸಾವನದುರ್ಗದಿಂದ ಗೂಡಿನ ಮಾರ್ಕೆಟ್‌ವರೆಗೆ: ದೂರದ ದೇಶಗಳ ಜಗಳ ನಮ್ಮೂರಿಗೆ ಬಂದದ್ದು ಹೇಗೆ?

ರಾಮನಗರ: ಟಿವಿಯಲ್ಲಿ ಯಾವುದೋ ದೇಶದ ಯುದ್ಧದ ಸುದ್ದಿ ಬಂದರೆ 'ಅದು ನಮಗ್ಯಾಕೆ ಬಿಡ್ರೀ' ಅಂತ ಚಾನೆಲ್ ಬದಲಾಯಿಸುವವರೇ ಹೆಚ್ಚು. ಆದರೆ ಮಾಗಡಿಯ ಕೋಟೆ, ಕನಕಪುರದ ಹೊಲ, ರಾಮನಗರದ ಹೆಸರು, ನಮ್ಮ ರೇಷ್ಮೆ ಗೂಡಿನ ದರ, ಈ ನಾಲ್ಕನ್ನೂ ಒಂದಲ್ಲ ಒಂದು ಕಾಲದಲ್ಲಿ ಅಲುಗಾಡಿಸಿದ್ದು ಸಾವಿರಾರು ಮೈಲಿ ಆಚೆ ಇದ್ದ ದೊಡ್ಡ ದೇಶಗಳ ಪೈಪೋಟಿಯೇ. ಹೇಗೆ ಅಂತ ನೋಡೋಣ.

ಅಮೆರಿಕದ ಯುದ್ಧಕ್ಕೂ ಮೈಸೂರಿಗೂ ಏನು ಸಂಬಂಧ?

ಇವತ್ತು ಅಮೆರಿಕ, ಚೀನಾ, ರಷ್ಯಾ ಇದ್ದ ಹಾಗೆ 18ನೇ ಶತಮಾನದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಮಹಾಶಕ್ತಿಗಳು. 1778ರಲ್ಲಿ ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರರ ಪರವಾಗಿ ಫ್ರಾನ್ಸ್ ಯುದ್ಧಕ್ಕೆ ಇಳಿಯಿತು. ಅದರ ಸೇಡಿಗೆ ಬ್ರಿಟಿಷರು ಇಂಡಿಯಾದಲ್ಲಿದ್ದ ಫ್ರೆಂಚ್ ನೆಲೆಗಳ ಮೇಲೆ ಬಿದ್ದರು. 1779ರಲ್ಲಿ ಮಲಬಾರ್ ಕರಾವಳಿಯ ಮಾಹೆ ಬಂದರನ್ನು ಹಿಡಿದರು. ಹೈದರ್ ಅಲಿಗೆ ಯುದ್ಧದ ಸಾಮಾನು ಬರುತ್ತಿದ್ದ ಬಂದರು ಅದು. ಹೈದರ್ ಸಿಟ್ಟಾದ. 1780ರಲ್ಲಿ ಎರಡನೇ ಮೈಸೂರು ಯುದ್ಧ ಶುರುವಾಯಿತು.

ಮಧ್ಯದಲ್ಲಿ ಹೈದರ್ ತೀರಿಕೊಂಡ, ಟಿಪ್ಪು ಮುಂದುವರಿಸಿದ. ಆದರೆ 1783ರಲ್ಲಿ ಯುರೋಪಿನಲ್ಲಿ ಬ್ರಿಟನ್-ಫ್ರಾನ್ಸ್ ರಾಜಿಯಾದವು. ಸುದ್ದಿ ಬಂದ ತಕ್ಷಣ ಟಿಪ್ಪು ಜೊತೆಗಿದ್ದ ಫ್ರೆಂಚ್ ಸೈನಿಕರು ಬಂದೂಕು ಕೆಳಗಿಟ್ಟರು. ದೊಡ್ಡವರ ಸ್ನೇಹ ಎಷ್ಟು ದಿನ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಕನಕಪುರದ ಹೊಲ, ಸಾವನದುರ್ಗದ ಬಂಡೆ

1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾದ ಬ್ರಿಟಿಷ್ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್. ಅದೇ ವ್ಯಕ್ತಿ ಹತ್ತು ವರ್ಷಕ್ಕೆ ಗವರ್ನರ್ ಜನರಲ್ ಆಗಿ ನಮ್ಮ ಸೀಮೆಯಲ್ಲಿ ನಿಂತಿದ್ದ! 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದು, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಕಡೆ ಹೊರಟ. ಚನ್ನಪಟ್ಟಣದ ನೇರ ದಾರಿಯಲ್ಲಿ ಟಿಪ್ಪು ಕಾವಲಿದ್ದ, ಹಾಗಾಗಿ ಕಾನಕಾನಹಳ್ಳಿ, ಅಂದರೆ ಇವತ್ತಿನ ಕನಕಪುರದ ದಾರಿ ಹಿಡಿದ.

ಶತ್ರುವಿಗೆ ಕಾಳು, ಹುಲ್ಲು ಸಿಗಬಾರದು ಅಂತ ಟಿಪ್ಪು ದಾರಿಯುದ್ದಕ್ಕೂ ಮೇವು, ಧಾನ್ಯ ಸುಡಿಸಿದ. ಕಾನಕಾನಹಳ್ಳಿ ಊರನ್ನು ಇಂಥದ್ದೇ ಕಾರಣಕ್ಕೆ ಎರಡು ಸಲ ಹಾಳುಗೆಡವಲಾಯಿತು ಅಂತ ಹಳೇ ಗೆಜೆಟಿಯರ್ ಹೇಳುತ್ತದೆ. ಯುದ್ಧತಂತ್ರವಾಗಿ ಅದು ಗೆದ್ದಿತು. ಕಾರ್ನ್‌ವಾಲಿಸ್‌ನ ಎತ್ತುಗಳು ಸತ್ತವು, ಸೈನ್ಯ ಹಸಿಯಿತು, ದೊಡ್ಡ ಫಿರಂಗಿಗಳನ್ನು ತಾವೇ ಒಡೆದುಹಾಕಿ ವಾಪಸ್ ಬಂದರು. ಆದರೆ ಸುಟ್ಟದ್ದು ಯಾರ ಹೊಲ? ನಮ್ಮ ರೈತರದ್ದು. ಈ ಭಾಗವನ್ನು ಯಾವ ವಿಜಯದ ಕಥೆಯೂ ಹೇಳೋದಿಲ್ಲ.

ಎರಡನೇ ಸಲ ಹೊರಡುವ ಮೊದಲು ಕಾರ್ನ್‌ವಾಲಿಸ್ ಬುದ್ಧಿ ಕಲಿತಿದ್ದ. ಬೆಂಗಳೂರಿನಿಂದ ದಿನಸಿ ಬರುವ ದಾರಿ ಸುರಕ್ಷಿತವಾಗಬೇಕಾದರೆ ಪಕ್ಕದ ಬೆಟ್ಟದ ಕೋಟೆಗಳು ಮೊದಲು ಕೈಗೆ ಬರಬೇಕಿತ್ತು. ಕೆಂಪೇಗೌಡರ ವಂಶದವರು ಆಳಿದ್ದ ಸಾವನದುರ್ಗವನ್ನು ಯಾರೂ ಹತ್ತಲಾರರು ಅನ್ನೋ ನಂಬಿಕೆ ಇತ್ತು. 1791ರ ಡಿಸೆಂಬರ್ 10ಕ್ಕೆ ಮುತ್ತಿಗೆ ಶುರುವಾಗಿ, 17ರಿಂದ ಫಿರಂಗಿ ಹೊಡೆದು, 21ಕ್ಕೆ ದಾಳಿ ಮಾಡಿದರು. ಒಂದು ಗಂಟೆಯೊಳಗೆ ಕೋಟೆ ಬಿತ್ತು. ಬೆನ್ನಿಗೇ ರಾಮಗಿರಿ (ನಮ್ಮ ರಾಮದೇವರ ಬೆಟ್ಟ), ಹುತ್ರಿದುರ್ಗ ಕೂಡ ಹೋದವು.

ಫ್ರಾನ್ಸ್ ಎಲ್ಲಿತ್ತು ಅಂತ ಕೇಳ್ತೀರಾ? ಟಿಪ್ಪು 1787ರಲ್ಲೇ ಅಲ್ಲಿನ ರಾಜನ ಹತ್ತಿರ ರಾಯಭಾರಿಗಳನ್ನು ಕಳಿಸಿದ್ದ. ಆದರೆ 1789ರಲ್ಲಿ ಅಲ್ಲಿ ಕ್ರಾಂತಿ ಆಗಿ ರಾಜನ ಕುರ್ಚಿಯೇ ಅಲ್ಲಾಡುತ್ತಿತ್ತು. ಸಹಾಯ ಬರಲಿಲ್ಲ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕಾಯಿತು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. 1798ರಲ್ಲಿ ನೆಪೋಲಿಯನ್ ಈಜಿಪ್ಟ್‌ಗೆ ಇಳಿದಾಗ, ಅವನು ಎಲ್ಲಿ ಟಿಪ್ಪು ಜೊತೆ ಸೇರುತ್ತಾನೋ ಅನ್ನೋ ಭಯ ಬ್ರಿಟಿಷರಿಗೆ ಕೊನೆಯ ಯುದ್ಧಕ್ಕೆ ನೆಪವಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಆಮೇಲೆ ಮೈಸೂರಿಗೆ ಬಂದ ಮೊದಲ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್. ದಿವಾನ್ ಪೂರ್ಣಯ್ಯ ಅವನ ಹೆಸರಲ್ಲಿ ಕಟ್ಟಿಸಿದ ಪೇಟೆಯೇ ಕ್ಲೋಸ್‌ಪೇಟೆ, ಅಂದರೆ ಇವತ್ತಿನ ರಾಮನಗರ. ಸ್ವಾತಂತ್ರ್ಯದ ನಂತರ ಆ ಹೆಸರು ಹೋಯಿತು. ಆದರೂ ಭೂವಿಜ್ಞಾನಿಗಳು ನಮ್ಮ ಬಂಡೆಗಳನ್ನು ಇವತ್ತಿಗೂ 'ಕ್ಲೋಸ್‌ಪೇಟೆ ಗ್ರಾನೈಟ್' ಅಂತಲೇ ಕರೀತಾರೆ.

ಪ್ಯಾರಾಚೂಟ್ ಮತ್ತು ರೇಷ್ಮೆ ಗೂಡು

ಬಂಗಾಳದಿಂದ ರೇಷ್ಮೆ ಹುಳು ತರಿಸಿ ಈ ಸೀಮೆಗೆ ಕಸುಬು ಕೊಟ್ಟವನು ಟಿಪ್ಪು. ಅದಕ್ಕೆ ಮತ್ತೊಮ್ಮೆ ಯುದ್ಧದ ಗಾಳಿ ಬೀಸಿದ್ದು ಎರಡನೇ ಮಹಾಯುದ್ಧದಲ್ಲಿ. ಆಗ ಜಗತ್ತಿಗೆ ಅತಿ ಹೆಚ್ಚು ಕಚ್ಚಾ ರೇಷ್ಮೆ ಕೊಡುತ್ತಿದ್ದದ್ದು ಜಪಾನ್. 1941ರಲ್ಲಿ ಅಮೆರಿಕ ಮತ್ತು ಬ್ರಿಟನ್ ಜೊತೆ ಜಪಾನ್‌ನ ವ್ಯಾಪಾರ ನಿಂತಿತು, ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ದಾಳಿಯೂ ಆಯಿತು. ಪ್ಯಾರಾಚೂಟ್‌ಗೆ ರೇಷ್ಮೆ ಬೇಕೇ ಬೇಕು, ಜಪಾನ್ ಮಾಲು ಇಲ್ಲ. ಬೇಡಿಕೆ ಮೈಸೂರು ರೇಷ್ಮೆಯ ಕಡೆ ತಿರುಗಿತು. ದರ ಏರಿತು, ಹಿಪ್ಪುನೇರಳೆ ಹೆಚ್ಚಿತು, ನೂಲು ತೆಗೆಯುವವರಿಗೆ ಕೈತುಂಬಾ ಕೆಲಸ.

ಯುದ್ಧ ಮುಗೀತು, ಅಷ್ಟರಲ್ಲಿ ಪ್ಯಾರಾಚೂಟ್‌ಗೆ ನೈಲಾನ್ ಬಂದಿತ್ತು, ಸಿಪಾಯಿಗಳ ಬೇಡಿಕೆ ಹೋಯಿತು, ದರ ಕುಸಿಯಿತು. ಹೀಗೆ ಬಿದ್ದ ಉದ್ಯಮವನ್ನು ಎತ್ತಿ ನಿಲ್ಲಿಸಬೇಕಾದ ಹೊತ್ತಿನಲ್ಲೇ, 1949ರಲ್ಲಿ, ಕೇಂದ್ರ ರೇಷ್ಮೆ ಮಂಡಳಿ ಹುಟ್ಟಿದ್ದು.

ಈಗ ಚೀನಾ

ಈಗ ಜಪಾನ್ ಜಾಗದಲ್ಲಿ ಚೀನಾ ಕೂತಿದೆ. ಜಗತ್ತಿನ ರೇಷ್ಮೆಯಲ್ಲಿ ದೊಡ್ಡ ಪಾಲು ಅದರದ್ದೇ. ಅಲ್ಲಿಂದ ಅಗ್ಗದ ನೂಲು ಬಂದರೆ ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ದರ ಇಳಿಯುತ್ತದೆ, ಸುಂಕ ಏರಿದರೆ ಉಸಿರಾಡಬಹುದು. ಹಾಗಾಗಿ ದೆಹಲಿ-ಬೀಜಿಂಗ್ ನಡುವಿನ ಮನಸ್ತಾಪ ನಮ್ಮ ರೈತನ ಲೆಕ್ಕದ ಪುಸ್ತಕಕ್ಕೂ ಬರುತ್ತದೆ. ಚನ್ನಪಟ್ಟಣದ ಗೊಂಬೆಗಳ ಕಥೆಯೂ ಹಾಗೇ. 2020ರಲ್ಲಿ ಆಮದು ಆಟಿಕೆ ಮೇಲಿನ ಸುಂಕ ಶೇ 20ರಿಂದ ಶೇ 60ಕ್ಕೆ ಏರಿತು. ಚೀನಾ ಪ್ಲಾಸ್ಟಿಕ್ ಎದುರು ಸೊರಗಿದ್ದ ಅರಗಿನ ಬಣ್ಣದ ಮರದ ಗೊಂಬೆಗೆ ಅದರಿಂದ ಸ್ವಲ್ಪ ಜಾಗ ಸಿಕ್ಕಿತು.

ಮೂರೂ ಕಾಲದಲ್ಲಿ ಒಂದು ಮಾತು ಸಮಾನ. ದೊಡ್ಡವರ ಜಗಳದಿಂದ ಬಂದ ಲಾಭ ನಮ್ಮ ಕೈಯಲ್ಲಿ ಇರೋದಿಲ್ಲ. ಅವರು ರಾಜಿಯಾದ ದಿನ ಅದು ಹೋಗುತ್ತದೆ. ಉಳಿಯೋದು ನಾವು ಕಟ್ಟಿಕೊಂಡದ್ದು ಮಾತ್ರ: ಒಳ್ಳೆಯ ಗೂಡು, ಗಟ್ಟಿ ನೂಲು, ಕೈಕಸುಬು. ದರ ಚೆನ್ನಾಗಿರೋ ವರ್ಷದಲ್ಲೇ ಅದಕ್ಕೆ ಹಣ ಹಾಕಬೇಕು.

ಮುಂದಿನ ಸಲ ಸಾವನದುರ್ಗ ಹತ್ತಿದಾಗ ಒಂದು ನಿಮಿಷ ನಿಂತು ಕೆಳಗಿನ ಹೊಲಗಳ ಕಡೆ ನೋಡಿ. ಕೋಟೆಗಾಗಿ ಹೊಡೆದಾಡಿದವರೆಲ್ಲ ಹೋದರು. ಹೊಲ ಮಾಡುವವರು ಇನ್ನೂ ಇಲ್ಲೇ ಇದ್ದಾರೆ.